ಬರ್ಚ್ ಮರದ ಪರಾಗವೂ ನಮ್ಮ ಪಥ್ಯವೂ

ಏಪ್ರಿಲ್ ಬಂತೆಂದರೆ ಜರ್ಮನಿ, ಸ್ವೀಡನ್ ಕಡೆ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಪತ್ರಗಳು ಬರುತ್ತವೆ: ಮಗುವಿನ ಇಸುಬು ಕೆರಳಿದೆ, ಊರಿನಿಂದ ಅಜ್ಜಿ ‘ನಂಜಿನ ಪದಾರ್ಥ ಬಿಡಿಸಿ’ ಎನ್ನುತ್ತಿದ್ದಾರೆ, ಏನು ಮಾಡೋಣ, ಮೇಷ್ಟ್ರೇ? ವೈದ್ಯನಲ್ಲದ ನಾನು ಓದಿ ತಿಳಿದಷ್ಟನ್ನು ಹೇಳುತ್ತೇನೆ.

ಅಜ್ಜಿಯ ಮಾತನ್ನು ನಕ್ಕು ತಳ್ಳಬೇಡಿ. ಆದರೆ ಅವರು ಹೆಸರಿಸುವ ಬದನೆ, ಕುಂಬಳಗಳಿಗೂ ಅಲ್ಲಿಯ ವಸಂತಕ್ಕೂ ನಂಟಿಲ್ಲ. ನಂಟಿರುವುದು ಬರ್ಚ್ ಮರಕ್ಕೆ. ಅದರ ಪರಾಗದ ಪ್ರಮುಖ ಪ್ರೋಟೀನನ್ನು ಹೋಲುವಂಥವು ಸೇಬು, ಚೆರ್ರಿ, ಹೇಜಲ್ ಬೀಜ, ಕ್ಯಾರೆಟ್, ಸೆಲರಿ, ಸೋಯಾಗಳಲ್ಲಿವೆ. ಪರಾಗವನ್ನು ಹಗೆಯೆಂದು ಬಗೆದ ದೇಹ ಇವನ್ನೂ ಹಾಗೆಯೇ ಕಾಣುತ್ತದೆ. ಹಸಿ ಸೇಬು ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ, ಬಾಯಿ ತುರಿಸುವುದುಂಟು. ಅದನ್ನು ಯಾರಾದರೂ ಗುರುತಿಸಿಯಾರು.

ಗುರುತಿಗೆ ಸಿಗದ್ದು ಇನ್ನೊಂದಿದೆ. ಬೇಯಿಸಿದಾಗ ಆ ಪ್ರೋಟೀನಿನ ಆಕಾರ ಕೆಟ್ಟು ಬಾಯಿಯ ತುರಿಕೆ ಇಲ್ಲವಾಗುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬರ್ಚ್ ಅಲರ್ಜಿಯೊಡನೆ ಇಸುಬೂ ಇದ್ದ ಕೆಲವರಿಗೆ ಇಂಥ ಆಹಾರವನ್ನು ಬೇಯಿಸಿ ಕೊಟ್ಟಾಗ ಬಾಯಿಗೆ ಏನೂ ಆಗದಿದ್ದರೂ ಚರ್ಮ ಕೆರಳಿತು. ಆಕಾರ ಕೆಟ್ಟ ಮೇಲೂ ಉಳಿಯುವ ತುಣುಕುಗಳನ್ನು ರಕ್ತದ ಟಿ-ಕೋಶಗಳು ಗುರುತಿಸಬಲ್ಲವು. ಈ ಕೆರಳಿಕೆ ಹಲವು ಗಂಟೆಗಳ ಬಳಿಕ, ಕೆಲವೊಮ್ಮೆ ಎರಡನೆಯ ದಿನ ಕಾಣಿಸುತ್ತದೆ. ಸೋಮವಾರದ ಕ್ಯಾರೆಟ್ ಹಲ್ವದ ತಪ್ಪನ್ನು ಬುಧವಾರದ ಸಾರಿನ ತಲೆಗೆ ಕಟ್ಟುವುದು ಹೀಗೆ!

ಹಾಗೆಂದು ಪಟ್ಟಿ ಹಿಡಿದು ಎಲ್ಲವನ್ನೂ ಬಿಡಿಸುವುದನ್ನು ನಾನು ಒಪ್ಪಲಾರೆ. ಪರಾಗದ ಅಲರ್ಜಿಯುಳ್ಳ ಇಸುಬಿನವರಲ್ಲಿಯೂ ಹೀಗಾಗುವುದು ಕೆಲವರಿಗೆ ಮಾತ್ರ. ರಕ್ತಪರೀಕ್ಷೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಸೇಬು ಅಪರಾಧಿಯಾಗದು. ಬೆಳೆಯುವ ಮಗುವಿನ ತಟ್ಟೆಯಿಂದ ಹಣ್ಣು, ತರಕಾರಿ, ಸೋಯಾ ಎಲ್ಲವೂ ಹೋದರೆ, ಅದರಲ್ಲೂ ನಮ್ಮ ಸಸ್ಯಾಹಾರಿ ಮನೆಗಳಲ್ಲಿ, ಉಳಿಯುವುದೇನು? ದೀರ್ಘಕಾಲ ದೂರವಿಟ್ಟ ಆಹಾರವನ್ನು ಮರಳಿ ತಿಂದಾಗ ತೀವ್ರ ಪ್ರತಿಕ್ರಿಯೆ ಉಂಟಾದ ನಿದರ್ಶನಗಳೂ ಇವೆ.

ಆದ್ದರಿಂದ ಮೊದಲು ದಿನಚರಿ ಬರೆಯಿರಿ: ತಿಂದದ್ದು, ತಿಂದ ಹೊತ್ತು, ಚರ್ಮದ ಸ್ಥಿತಿ, ಆ ದಿನದ ಪರಾಗದ ಪ್ರಮಾಣ. ಅದನ್ನು ಅಲರ್ಜಿ ತಜ್ಞರಿಗೆ ತೋರಿಸಿ, ಅವರ ಮೇಲ್ವಿಚಾರಣೆಯಲ್ಲಿಯೇ ಒಂದೊಂದನ್ನು ಬಿಟ್ಟು, ಮರಳಿ ಕೊಟ್ಟು ನೋಡಿ. ಅವರು ಬರೆದುಕೊಟ್ಟ ಮುಲಾಮನ್ನು ಪಥ್ಯದ ನೆಪದಲ್ಲಿ ನಿಲ್ಲಿಸಬೇಡಿ. ಸೋಯಾ ಹಾಲು ಕುಡಿದು ಮುಖ ಊದಿದರೆ, ಉಸಿರು ಕಟ್ಟಿದರೆ ಮಾತ್ರ ದಿನಚರಿಯನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಧಾವಿಸಿ.

ನಿಮ್ಮ ತಾಯಿಯವರಿಗೆ ಈ ಬರಹವನ್ನು ಓದಿ ಹೇಳಿ. ಅವರ ಮಕ್ಕಳಿಗೆ ಪಾಠ ಹೇಳಿದ ಮೇಷ್ಟರ ಮಾತೆಂದರೆ ಕೇಳಿಯಾರು.