ಮರಿ ಕುಕ್ಕಿದರೆ ತಪ್ಪು ಮರಿಯದಲ್ಲ



ಕೋಳಿ ಜಗಳ ಅಂದರೆ ನಮಗೆಲ್ಲ ನಗು. ಎರಡು ಹುಂಜ ಕತ್ತಿನ ಪುಕ್ಕ ಕೆದರಿಕೊಂಡು ನಿಂತರೆ ಸುತ್ತ ನಿಂತು ನೋಡುತ್ತೇವೆ. ಆದರೆ ನಾನು ಇಲ್ಲಿ ಬರೆಯುತ್ತಿರುವುದು ಹುಂಜಗಳ ವಿಷಯ ಅಲ್ಲ, ಹದಿನೈದು ಇಪ್ಪತ್ತು ದಿನದ ಮರಿಗಳ ವಿಷಯ. ಒಂದು ಮರಿಯನ್ನು ಮಿಕ್ಕ ಮರಿಗಳೆಲ್ಲ ಸೇರಿ ಕುಕ್ಕಿ ಕುಕ್ಕಿ, ಬೆನ್ನಿನ ಪುಕ್ಕ ಕಿತ್ತು, ರಕ್ತ ಬರಿಸಿ, ಕೊನೆಗೆ ಸಾಯಿಸಿಯೇ ಬಿಡುತ್ತವೆ. ಇದನ್ನು ಕಾಣದ ಹಿತ್ತಿಲು ನಮ್ಮ ಕಡೆ ಕಡಿಮೆ. ದೊಡ್ಡವರನ್ನು ಕೇಳಿದರೆ ಒಂದೇ ಮಾತು: "ಅದು ಕೋಳಿ ಬುದ್ಧಿ ಕಣ್ಲಾ, ಬಲ ಇರೋದು ಉಳೀತದೆ, ಬಿಡು." ಈ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕುಕ್ಕುವ ಮರಿ ಕೆಟ್ಟದ್ದೂ ಅಲ್ಲ, ಕುಕ್ಕಿಸಿಕೊಳ್ಳುವ ಮರಿ ಕೈಲಾಗದ್ದೂ ಅಲ್ಲ. ತಪ್ಪು ಇರುವುದು ನಾವು ಸಾಕುವ ರೀತಿಯಲ್ಲಿ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಇದ್ದದ್ದೆಲ್ಲ ನಾಟಿ ಕೋಳಿ. ಹೇಂಟೆ ಕಾವಿಗೆ ಕೂತು 21 ದಿನಕ್ಕೆ ಮರಿ ಮಾಡುತ್ತಿತ್ತು, ತಾನೇ ಮೇಯಿಸುತ್ತಿತ್ತು. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಗಿರಿರಾಜ ಎಂಬ ತಳಿಯನ್ನು ಹಿತ್ತಿಲಲ್ಲಿ ಸಾಕುವವರಿಗೆಂದೇ ಬಿಡುಗಡೆ ಮಾಡಿದರು. 2005ರಲ್ಲಿ ಸ್ವರ್ಣಧಾರ ಬಂತು. ಇವು ನಾಟಿಗಿಂತ ಬೇಗ ಬೆಳೆಯುತ್ತವೆ, ಮೊಟ್ಟೆಯೂ ಹೆಚ್ಚು. ಹೀಗಾಗಿ ಮೈಸೂರು ಸುತ್ತಮುತ್ತ ಈಗ ಎಷ್ಟೋ ಮನೆಯಲ್ಲಿ ನಾಟಿ ಮರಿ, ಗಿರಿರಾಜ ಮರಿ, ಮೊಪೆಡ್ಡಿನಲ್ಲಿ ಬುಟ್ಟಿ ಕಟ್ಟಿಕೊಂಡು ಬರುವವರ ಹತ್ತಿರ ಕೊಂಡ ಬಣ್ಣ ಹಾಕಿದ ಮರಿ ಎಲ್ಲವೂ ಒಂದೇ ಮಂಕರಿಯ ಕೆಳಗೆ. ತಂದ ದಿನವೇ ಬಿಟ್ಟುಬಿಡುತ್ತಾರೆ. ಕುಕ್ಕಾಟ ಶುರುವಾಗುವುದು ಇಲ್ಲಿಂದಲೇ.

ನಾಟಿ ಮರಿಗೆ ತಾಯಿ ಇದೆ. ಅದು ರೆಕ್ಕೆ ಕೆಳಗೆ ಬೆಚ್ಚಗೆ ಮಲಗಿಸುತ್ತದೆ, ಕೆರೆದು ಹುಳ ತೋರಿಸುತ್ತದೆ, ಜಗಳ ಬಂದರೆ ಮಧ್ಯೆ ನುಗ್ಗುತ್ತದೆ. ಮೆಶಿನ್ನಿನಲ್ಲಿ ಹುಟ್ಟಿದ ಮರಿಗೆ ಇದು ಯಾವುದೂ ಇಲ್ಲ. ಅದರ ಜೊತೆಗೆ ನಾಟಿ ತಾಯಿ ತನ್ನ ಮರಿಯಲ್ಲದ್ದನ್ನು ಹತ್ತಿರ ಬಿಡದೆ ಕುಕ್ಕಿ ಓಡಿಸುತ್ತದೆ. ಅಂದ ಮೇಲೆ ತಾಯಿ ಮಾಡುವ ಕೆಲಸವನ್ನು ತಂದವರೇ ಮಾಡಬೇಕು. ಅದನ್ನು ಮಾಡದೆ "ಕೋಳಿ ಬುದ್ಧಿ" ಅಂದರೆ ಹೇಗೆ?

ಕೋಳಿಗಳಲ್ಲಿ ಹೆಚ್ಚು ಕಡಿಮೆ ಎಂಬುದು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬಾತ ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಗಮನಿಸುತ್ತಿದ್ದ. ದೊಡ್ಡವನಾದ ಮೇಲೆ 1922ರಲ್ಲಿ ಅದನ್ನು ಪ್ರಕಟಿಸಿದ. ಒಂದು ಗುಂಪಿನಲ್ಲಿ ಮೇಲಿನ ಕೋಳಿ ಕೆಳಗಿನದನ್ನು ಕುಕ್ಕುತ್ತದೆ, ಅದು ತನಗಿಂತ ಕೆಳಗಿನದನ್ನು ಕುಕ್ಕುತ್ತದೆ, ಹೀಗೆ ಒಂದು ಸಾಲು ಏರ್ಪಡುತ್ತದೆ ಎಂದು ತೋರಿಸಿದ. ಆದರೆ ಗಮನಿಸಿ: ಸಾಲು ಒಮ್ಮೆ ಗೊತ್ತಾದ ಮೇಲೆ ಜಗಳ ಕಡಿಮೆಯಾಗುತ್ತದೆ. ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ, ಅಷ್ಟಕ್ಕೇ ಮುಗಿಯಿತು. ಒಂದೆರಡು ಸಲ ಕುಕ್ಕುವುದು ಕೋಳಿಯ ಸ್ವಭಾವ, ಒಪ್ಪೋಣ. ರಕ್ತ ಬರುವ ತನಕ ಕುಕ್ಕುವುದು ಸ್ವಭಾವ ಅಲ್ಲ, ಏನೋ ಕೊರತೆ ಇದೆ ಎಂಬುದಕ್ಕೆ ಗುರುತು.

ಏನು ಕೊರತೆ? ಮೊದಲನೆಯದು ಜಾಗ. ನಾಲ್ಕು ವಾರದ ತನಕ ಒಂದು ಮರಿಗೆ ಅರ್ಧ ಚದರ ಅಡಿಯಾದರೂ ಬೇಕು. ಅಂದರೆ 20 ಮರಿಗೆ 5 ಅಡಿ ಉದ್ದ, 2 ಅಡಿ ಅಗಲ. ಎಂಟು ವಾರದ ಹೊತ್ತಿಗೆ ಅದರ ಎರಡರಷ್ಟು ಬೇಕು. ಒಂದು ಮಂಕರಿ ಕವುಚಿದರೆ ಇಷ್ಟು ಜಾಗ ಎಲ್ಲಿ ಬರುತ್ತದೆ? ಕುಕ್ಕಿಸಿಕೊಂಡ ಮರಿ ಓಡಬೇಕು ಅಂದರೂ ದಾರಿ ಇಲ್ಲ.

ಎರಡನೆಯದು ಮೇವು. ಬರೀ ಅಕ್ಕಿ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೆಳೆಯುವ ಮರಿಗೆ ಪ್ರೋಟೀನ್ ಬೇಕು, ಚೂರು ಉಪ್ಪಿನಂಶವೂ ಬೇಕು. ಅದು ಸಿಗದಿದ್ದಾಗ ಮರಿಗಳು ಒಂದರ ಪುಕ್ಕ ಒಂದು ಕಿತ್ತು ತಿನ್ನುತ್ತವೆ. ಮರಿಗಳ ಮೇವೆಂದು ಚೀಲದಲ್ಲಿ ಸಿಗುವುದನ್ನು ಮೊದಲ ಕೆಲವು ವಾರ ಕೊಡುವುದು ಒಳ್ಳೆಯದು. ಅದರ ಜೊತೆಗೆ ಕೆರೆದು ತಿನ್ನಲು ಗೆದ್ದಲು, ಹುಳ ಹುಪ್ಪಟೆ ಸಿಕ್ಕರೆ ಇನ್ನೂ ಒಳ್ಳೆಯದು.

ಮೂರನೆಯದು ಕಾವು ಮತ್ತು ಬೆಳಕು. ಮೊದಲ ವಾರ ಮರಿ ಇರುವ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ ಮಾಡುತ್ತಾ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಹರಡಿಕೊಂಡು ಓಡಾಡುತ್ತಿದ್ದರೆ ಸರಿಯಾಗಿದೆ. ಸೆಕೆ ಹೆಚ್ಚಾದರೂ, ರಾತ್ರಿಯಿಡೀ ಕಣ್ಣು ಕುಕ್ಕುವ ಬಿಳಿ ಬಲ್ಬು ಉರಿದರೂ ಕುಕ್ಕಾಟ ಜಾಸ್ತಿ. ಕೆಂಪು ಬೆಳಕಿನಲ್ಲಿ ಗಾಯದ ರಕ್ತ ಎದ್ದು ಕಾಣುವುದಿಲ್ಲ, ಹಾಗಾಗಿ ಮರಿಗಳು ಸುಮ್ಮನಿರುತ್ತವೆ.

ಇನ್ನು ಕುಕ್ಕಿಸಿಕೊಳ್ಳುವ ಮರಿ ಯಾವುದು ನೋಡಿ. ಬಹಳ ಸಲ ಅದು ಗುಂಪಿಗಿಂತ ಬೇರೆಯಾಗಿ ಕಾಣುವ ಮರಿ. ಕರಿ ಮರಿಗಳ ಮಧ್ಯೆ ಒಂದೇ ಒಂದು ಬಿಳಿಯದು, ಬೋಳು ಕತ್ತಿನದು, ಇಲ್ಲವೇ ವಯಸ್ಸಿನಲ್ಲಿ ಚಿಕ್ಕದು. ಬಿಳಿ ಪುಕ್ಕದ ಮೇಲೆ ಒಂದು ಹನಿ ರಕ್ತ ಕಂಡರೂ ಎಲ್ಲ ಮರಿಗಳ ಕಣ್ಣು ಅಲ್ಲಿಗೇ ಹೋಗುತ್ತದೆ. ಇದರಲ್ಲಿ ಬಲ, ಕೈಲಾಗದತನದ ಮಾತೆಲ್ಲಿ ಬಂತು? ಹಾಗೆ ಸತ್ತ ಮರಿ ಬದುಕಿದ್ದರೆ ಒಳ್ಳೆಯ ಮೊಟ್ಟೆ ಕೋಳಿಯೇ ಆಗುತ್ತಿತ್ತೋ ಏನೋ.

ಹಾಗಾದರೆ ಏನು ಮಾಡಬೇಕು? ಹೊಸ ಮರಿ ತಂದರೆ ಒಂದು ವಾರ ನಡುವೆ ಜಾಲರಿ ಕಟ್ಟಿ ಪಕ್ಕಪಕ್ಕದಲ್ಲಿ ಇಡಿ. ಒಂದಕ್ಕೊಂದು ಕಾಣಬೇಕು, ಕೊಕ್ಕು ತಾಗಬಾರದು. ಆಮೇಲೆ ಕತ್ತಲಾದ ಮೇಲೆ ಸೇರಿಸಿ, ಬೆಳಿಗ್ಗೆ ಬೇಗ ಎದ್ದು ನೋಡಿ. ಒಂದೇ ಮರಿಯನ್ನು ಬಿಡಬೇಡಿ, ನಾಲ್ಕೈದನ್ನು ಒಟ್ಟಿಗೆ ಬಿಡಿ. ತೀರಾ ಚಿಕ್ಕ ಮರಿಯನ್ನು ದೊಡ್ಡ ಮರಿಗಳ ಜೊತೆ ಹಾಕಲೇ ಬೇಡಿ. ಮೇವಿನ ತಟ್ಟೆ, ನೀರಿನ ತಟ್ಟೆ ಎರಡೆರಡು ಇಟ್ಟು, ದೂರ ದೂರ ಇಡಿ. ಆಗ ಒಂದು ಕಡೆ ಓಡಿಸಿದರೂ ಇನ್ನೊಂದು ಕಡೆ ತಿನ್ನಬಹುದು. ನುಗ್ಗೆ ಸೊಪ್ಪನ್ನೋ ದಂಟಿನ ಸೊಪ್ಪನ್ನೋ ಕಟ್ಟು ಮಾಡಿ ಮರಿಯ ತಲೆಯ ಎತ್ತರಕ್ಕೆ ತೂಗು ಹಾಕಿದರೆ ಕೊಕ್ಕಿಗೆ ಕೆಲಸ ಸಿಗುತ್ತದೆ. ರಕ್ತ ಬಂದ ಮರಿಯನ್ನು ತಕ್ಷಣ ಬೇರೆ ಮಾಡಿ, ಗಾಯ ತೊಳೆದು ಅರಿಶಿನ ಹಚ್ಚಿ, ಪೂರ್ತಿ ವಾಸಿಯಾದ ಮೇಲೆ ಸೇರಿಸಿ. ಒಂದೇ ಮರಿ ಎಲ್ಲವನ್ನೂ ಅಟ್ಟಾಡಿಸುತ್ತಿದ್ದರೆ ಅದನ್ನೇ ನಾಲ್ಕು ದಿನ ಬೇರೆ ಇಡಿ. ತಿರುಗಿ ಬಂದಾಗ ಅದೇ ಹೊಸದಾಗಿರುತ್ತದೆ, ಜಂಬ ಇಳಿದಿರುತ್ತದೆ.

ಕೆಲವರು ಕೊಕ್ಕಿನ ತುದಿಯನ್ನು ಸುಡುತ್ತಾರೆ, ಕತ್ತರಿಸುತ್ತಾರೆ. ಕೊಕ್ಕು ನಮ್ಮ ಉಗುರಿನ ತುದಿಯ ಹಾಗಲ್ಲ, ಅದರ ತುದಿಯಲ್ಲಿ ನರ ಇದೆ, ನೋವಾಗುತ್ತದೆ. ಹಿತ್ತಿಲಲ್ಲಿ ಕೆರೆದು ತಿನ್ನುವ ಕೋಳಿಗೆ ಕೊಕ್ಕೇ ಕೈ. ಜಾಗ ಕೊಡದೆ ಕೈ ಕತ್ತರಿಸುವುದು ಯಾವ ನ್ಯಾಯ?

"ಇಷ್ಟೆಲ್ಲ ಯಾರು ಮಾಡ್ತಾರೆ, ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂದು ಕೆಲವರು ನಗಬಹುದು. ಗಾದೆ ನಗುವುದಕ್ಕೆ ಸರಿ. ಆದರೆ ಮನೆಯಲ್ಲಿ ಕೋಳಿ ದುಡ್ಡು ಯಾರದು ಎಂದು ಯೋಚಿಸಿ. ಅದು ಅವ್ವನದು, ಅಜ್ಜಿಯದು. ನಮ್ಮ ನೋಟ್ ಬುಕ್ಕು, ಬಸ್ ಚಾರ್ಜು, ಮಾರಿಹಬ್ಬದ ಖರ್ಚು ಎಷ್ಟೋ ಸಲ ಅದರಿಂದಲೇ. ಹತ್ತು ಮರಿಯಲ್ಲಿ ಮೂರು ಸತ್ತರೆ ಅಪ್ಪನ ಲೆಕ್ಕಕ್ಕೆ ಬರುವುದಿಲ್ಲ, ಅವ್ವನ ಸೆರಗಿನ ಗಂಟಿಗೆ ಬರುತ್ತದೆ. ಮೇಲೆ ಹೇಳಿದ್ದರಲ್ಲಿ ಮೇವಿನ ಚೀಲ, ಜಾಲರಿ ಬಿಟ್ಟರೆ ದುಡ್ಡಿನದು ಹೆಚ್ಚೇನಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನಾವು ಮಕ್ಕಳೇ ನೋಡಿಕೊಳ್ಳಬಹುದು.

ಇನ್ನೊಂದು ಮಾತು. ಬೇರೆ ಶಾಲೆಯಿಂದ ಟಿ.ಸಿ. ತಂದು ಹೊಸದಾಗಿ ಸೇರಿದವರನ್ನು ನಾವು ಏನೇನು ಹೆಸರಿಟ್ಟು ಕರೆಯುತ್ತೇವೆ, ಬಿಸಿಯೂಟದ ಸಾಲಿನಲ್ಲಿ ಯಾರನ್ನು ಹಿಂದಕ್ಕೆ ತಳ್ಳುತ್ತೇವೆ ಎಂಬುದು ನಮಗೆ ಗೊತ್ತು. ಮರಿಗೆ ಗೊತ್ತಾಗುವುದಿಲ್ಲ, ಕುಕ್ಕುತ್ತದೆ. ನಮಗೆ ಗೊತ್ತಾಗುತ್ತದೆ. ಅಷ್ಟೇ ವ್ಯತ್ಯಾಸ. ಅದು ದೊಡ್ಡ ವ್ಯತ್ಯಾಸ.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ಒಂದು ಶನಿವಾರ ಪಶು ಆಸ್ಪತ್ರೆಯ ಡಾಕ್ಟರನ್ನು ಶಾಲೆಗೆ ಕರೆಸಿ, ಮರಿ ಸಾಕುವುದನ್ನೂ ಲಸಿಕೆ ಹಾಕಿಸುವುದನ್ನೂ ಹೇಳಿಸಬೇಕು. ಅವತ್ತು ನಮ್ಮ ಅವ್ವಂದಿರನ್ನೂ ಕರೆಯಬೇಕು. ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರವೂ ನಮಗೆ ದೂರವೇನಲ್ಲ. ಗೆಳೆಯರೇ, ನೀವು ಇವತ್ತು ಮನೆಗೆ ಹೋದ ತಕ್ಷಣ ಮಂಕರಿ ಎತ್ತಿ ನೋಡಿ. ಮೂಲೆಯಲ್ಲಿ ಒಂದು ಮರಿ ಬೆನ್ನು ಬಗ್ಗಿಸಿ ನಿಂತಿದ್ದರೆ ಮೊದಲು ಅದನ್ನು ಎತ್ತಿಕೊಳ್ಳಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ