ಬಾಲವಿಲ್ಲದ ದೂರವಾಣಿ

ದೂರವಾಣಿಗೆ ತಂತಿಯೇ ಬಾಲ. ಆ ಬಾಲವನ್ನು ಗೋಡೆಗೆ ಕಟ್ಟಿದ್ದಷ್ಟು ಕಾಲ ಅದು ಪಡಸಾಲೆಯ ಮೂಲೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯಿಟ್ಟ ಗೃಹಿಣಿ ಗಂಟೆಯ ಸದ್ದು ಕೇಳಿದೊಡನೆ ಸೌಟು ಹಿಡಿದೇ ಓಡಿಬರಬೇಕು; ಆಕೆ ತಲುಪುವ ವೇಳೆಗೆ ಗಂಟೆ ನಿಂತಿರುವುದು, ಇತ್ತ ಸಾಸಿವೆ ಸೀದಿರುವುದು. ಈ ಓಟವನ್ನು ತಪ್ಪಿಸಲು ಬಂದದ್ದೇ ಕಾರ್ಡ್‌ಲೆಸ್ ದೂರವಾಣಿ.

ಹೆಸರಿನಲ್ಲಿ ತಂತಿಯಿಲ್ಲವಾದರೂ ವಾಸ್ತವದಲ್ಲಿ ಅದು ಮಾಯವಾಗಿಲ್ಲ. ಮೇಜಿನ ಮೇಲೆ ಕುಳಿತ ಪೀಠಕ್ಕೆ ಎರಡು ತಂತಿಗಳುಂಟು: ಒಂದು ದೂರವಾಣಿ ಮಾರ್ಗದ್ದು, ಇನ್ನೊಂದು ಮನೆಯ ವಿದ್ಯುತ್ತಿನದು. ಪೀಠಕ್ಕೂ ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ಟಿಗೂ ನಡುವಣ ಅಲ್ಪ ದೂರವನ್ನು ಮಾತ್ರ ಮಾತು ರೇಡಿಯೋ ತರಂಗಗಳನ್ನೇರಿ ದಾಟುತ್ತದೆ. ಇದಕ್ಕಾಗಿ ಎರಡರೊಳಗೂ ಒಂದೊಂದು ಪುಟ್ಟ ಪ್ರೇಷಕ, ಒಂದೊಂದು ಗ್ರಾಹಕ. ಇಂಥದೊಂದು ಸಾಧನಕ್ಕೆ ಅಮೆರಿಕದ ಜಾರ್ಜ್ ಸ್ವೀಗರ್ಟ್ ಎಂಬುವರು 1969ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಅವರು ರೇಡಿಯೋ ನಿರ್ವಾಹಕರಾಗಿದ್ದವರು.

ಆದರೆ ಗಾಳಿಗೆ ಬಿಟ್ಟ ಮಾತಿಗೆ ಗೋಡೆಯ ಅಡ್ಡಿಯಿಲ್ಲ. ಮೊದಮೊದಲ ಯಂತ್ರಗಳಲ್ಲಿ ಒಂದು ಮನೆಯ ಸಂಭಾಷಣೆ ಪಕ್ಕದ ಮನೆಯ ಕಿವಿಗೂ ಬೀಳಬಹುದಾಗಿತ್ತು. ಅಷ್ಟೇ ಅಲ್ಲ, ನೆರೆಯವರ ಹ್ಯಾಂಡ್‌ಸೆಟ್ಟು ಇವರ ಪೀಠವನ್ನು ತನ್ನದೆಂದೇ ತಿಳಿದರೆ ಮಾತು ಅವರದು, ಬಿಲ್ಲು ಇವರದು! ಇದನ್ನು ತಡೆಯಲು ಪೀಠಕ್ಕೂ ಹ್ಯಾಂಡ್‌ಸೆಟ್ಟಿಗೂ ಒಂದು ಗುಪ್ತ ಸಂಕೇತವನ್ನು ಕಲಿಸಿದರು. 1990ರ ದಶಕದಲ್ಲಿ ಯೂರೋಪಿನಿಂದ ಡೆಕ್ಟ್ ಎಂಬ ಅಂಕೀಯ ಪದ್ಧತಿ ಬಂದ ಮೇಲೆ ಮಾತನ್ನು ಕದ್ದು ಕೇಳುವುದು ಮತ್ತಷ್ಟು ಕಷ್ಟವಾಯಿತು.

ಇನ್ನೊಂದು ವಿಷಯವನ್ನು ಮನೆಯವರೆಲ್ಲರೂ ಅರಿತಿರಬೇಕು. ತಾಮ್ರದ ತಂತಿಯ ಹಳೆಯ ದೂರವಾಣಿಗೆ ವಿನಿಮಯ ಕೇಂದ್ರವೇ ಸುಮಾರು 48 ವೋಲ್ಟಿನ ವಿದ್ಯುತ್ತನ್ನು ತಂತಿಯ ಮೂಲಕ ಕಳುಹಿಸುತ್ತದೆ. ಆದುದರಿಂದ ಮನೆಯ ದೀಪವೆಲ್ಲ ಆರಿದರೂ ಅದು ಮಾತನಾಡಬಲ್ಲದು. ಕಾರ್ಡ್‌ಲೆಸ್ಸಿನ ಪೀಠಕ್ಕೆ ಆ ಅನುಕೂಲವಿಲ್ಲ. ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪೀಠಕ್ಕೆ ವಿದ್ಯುತ್ತು ತಪ್ಪಿದರೆ ಸಾಮಾನ್ಯವಾಗಿ ಎರಡೂ ಮೂಕವಾಗುತ್ತವೆ. ನಡುರಾತ್ರಿ ಕರೆಂಟು ಹೋಗಿದೆ, ವೃದ್ಧರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿದೆ, ಮಕ್ಕಳು ದೂರದೂರಿನಲ್ಲಿದ್ದಾರೆ. ಅಂಥ ಗಳಿಗೆಯಲ್ಲಿ ಈ ಅಂತರ ಅಲ್ಪವಾದುದಲ್ಲ. ತಾಮ್ರದ ತಂತಿಯಿರುವ ಮನೆಯಲ್ಲಿ ಹಳೆಯ ದೂರವಾಣಿಯನ್ನು ಅಟ್ಟಕ್ಕೆ ಸೇರಿಸದಿರುವುದು ಜಾಣತನ. ಫೈಬರ್ ಸಂಪರ್ಕ ಬಂದಿರುವ ಮನೆಯಲ್ಲಿ ಆ ಹಳೆಯ ಯಂತ್ರಕ್ಕೂ ಮನೆಯ ವಿದ್ಯುತ್ತೇ ಗತಿ. ಅಲ್ಲಿ ಫೈಬರಿನ ಪೆಟ್ಟಿಗೆಯನ್ನೂ ಪೀಠವನ್ನೂ ಯುಪಿಎಸ್ಸಿಗೆ ಜೋಡಿಸಬೇಕು, ಇಲ್ಲವೇ ಮೊಬೈಲನ್ನು ತುಂಬಿಸಿ ಕೈಗೆಟುಕುವಂತೆ ಇಡಬೇಕು.

ಗುಡುಗುಮಿಂಚಿನ ಸಂಜೆಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ತಂತಿಯ ಮೇಲೆ ಹರಿದುಬಂದ ಸಿಡಿಲಿನ ವಿದ್ಯುತ್ತು ಹಳೆಯ ಯಂತ್ರವನ್ನು ಹಿಡಿದವರ ಕಿವಿಯನ್ನು ಮುಟ್ಟಬಹುದು. ಕಾರ್ಡ್‌ಲೆಸ್ಸಿನಲ್ಲಿ ಪೀಠ ಸುಟ್ಟೀತು. ತಂತಿಯ ಸಂಬಂಧವಿಲ್ಲದ ಹ್ಯಾಂಡ್‌ಸೆಟ್ಟು ಹಿಡಿದವರು ಆ ದಾರಿಯ ಅಪಾಯದಿಂದ ಪಾರು.

ಉಳಿದವು ಸಣ್ಣ ಎಚ್ಚರಿಕೆಗಳು. ಬ್ಯಾಟರಿ ಸೋತಾಗ ಮರಳಿ ತುಂಬಬಲ್ಲ, ಅದೇ ಬಗೆಯದನ್ನೇ ಹಾಕಬೇಕು. ಗಡಿಯಾರದ ಸಾಮಾನ್ಯ ಸೆಲ್ಲು ತುಂಬಿಸಹೊರಟರೆ ಸೋರಬಹುದು, ಸಿಡಿಯಲೂಬಹುದು. ಪೀಠವನ್ನು ಕಬ್ಬಿಣದ ಬೀರುವಿನ ಪಕ್ಕದಲ್ಲಿರಿಸಿದರೆ ತರಂಗಗಳಿಗೆ ಅಡ್ಡಿ.

ಬಾಲವಿಲ್ಲದ ಮೇಲೆ ಹ್ಯಾಂಡ್‌ಸೆಟ್ಟಿಗೆ ಅಲೆಯುವ ಚಾಳಿ ಹತ್ತುವುದು ಸಹಜ. ದಿಂಬಿನಡಿಯಲ್ಲಿಯೋ ಅಕ್ಕಿಡಬ್ಬಿಯ ಮೇಲೆಯೋ ಅದು ಅಡಗಿದಾಗ ಹುಡುಕಲೆಂದು ಪೀಠದ ಮೇಲೆ ಒಂದು ಗುಂಡಿಯನ್ನು ಇಟ್ಟಿರುತ್ತಾರೆ. ಒತ್ತಿದರೆ ಹ್ಯಾಂಡ್‌ಸೆಟ್ಟು ಅಡಗಿದಲ್ಲಿಂದಲೇ ಕೂಗುತ್ತದೆ. ಕೂಗಲು ಅದರಲ್ಲಿ ತ್ರಾಣ ಉಳಿದಿರಬೇಕಾದರೆ, ಮಾತು ಮುಗಿಸಿದವರು ಅದನ್ನು ಪೀಠಕ್ಕೆ ಮರಳಿಸುವ ಅಭ್ಯಾಸವನ್ನು ಮನೆಯ ಕಿರಿಯರಿಂದ ಹಿರಿಯರವರೆಗೆ ಎಲ್ಲರೂ ಬೆಳೆಸಿಕೊಳ್ಳುವುದು ಒಳಿತು.