ಬಡತನಕ್ಕೂ ಒಂದು ಪ್ರಮಾಣಪತ್ರ

ಕೈಯಲ್ಲಿ ಕಾಸಿಲ್ಲದವನು ಇಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು; ಇಲ್ಲವೆಂಬುದಕ್ಕೂ ಕಾಗದ ತೋರಿಸಬೇಕು. ಮಗನ ವಿದ್ಯಾರ್ಥಿವೇತನಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಿಳಿದ ವಾಚಕರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಆ ಕಾಗದವನ್ನು ಕೊಡಬೇಕಾದವನು ನಮ್ಮ ಎದುರಾಳಿಯ ಮನೆಯವನೇ ಆಗಿದ್ದರೆ? ಅಮೆರಿಕದಲ್ಲಿ ತನ್ನ ಸೆರೆಮನೆಯ ಮೇಲೆಯೇ ದಾವೆ ಹೂಡುವ ಖೈದಿಯ ಪಾಡು ಇದೇ ಆಗಿದೆ.

ಅಲ್ಲಿನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ದಾವೆ ಹೂಡಲು 2023ರ ಡಿಸೆಂಬರಿನಿಂದ 405 ಡಾಲರ್ ತೆರಬೇಕು. ಟೆಕ್ಸಾಸ್, ಜಾರ್ಜಿಯಾಗಳಂಥ ರಾಜ್ಯಗಳ ಸೆರೆಮನೆಗಳಲ್ಲಿ ಬಹುಪಾಲು ದುಡಿಮೆಗೆ ಕೂಲಿಯೇ ಇಲ್ಲ. ಬಡವನು ಮುಂಗಡ ಶುಲ್ಕವಿಲ್ಲದೆ ನ್ಯಾಯ ಕೇಳಬಹುದೆಂದು ಆ ದೇಶದಲ್ಲಿ 1892ರಲ್ಲಿಯೇ ಶಾಸನವಾಯಿತು. ಖೈದಿಗಳ ಹುರುಳಿಲ್ಲದ ದಾವೆಗಳು ಮಿತಿಮೀರಿದವೆಂದು 1996ರಲ್ಲಿ ಅದನ್ನು ಬಿಗಿಗೊಳಿಸಿದರು. ಅಂದಿನಿಂದ ಬಡ ಖೈದಿಗೆ ಪೂರ್ಣ ಮಾಫಿಯಿಲ್ಲ. 350 ಡಾಲರನ್ನು ಕಂತಿನಲ್ಲಿ ತೀರಿಸಬೇಕು. ಸೆರೆಮನೆಯ ಖಾತೆಯಲ್ಲಿ 10 ಡಾಲರ್ ಮೀರಿದಾಗಲೆಲ್ಲ ಹಿಂದಿನ ತಿಂಗಳ ಆದಾಯದ ಶೇಕಡ 20 ಭಾಗ ಕಡಿತವಾಗುತ್ತದೆ.

ಹಣವೇ ಇಲ್ಲವೆಂಬ ಕಾರಣಕ್ಕೆ ಯಾವ ಖೈದಿಯನ್ನೂ ತಡೆಯಬಾರದೆಂದು ಅದೇ ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯ ಮಾತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಬಡತನದ ಪ್ರಮಾಣಪತ್ರದ ಜೊತೆಗೆ ಆರು ತಿಂಗಳ ಖಾತೆಯ ಲೆಕ್ಕ ಬೇಕು. ಅದನ್ನು ಸೆರೆಮನೆಯ ಅಧಿಕಾರಿಯೇ ದೃಢೀಕರಿಸಿರಬೇಕು. ಕಾಗದ ಬಾರದಿದ್ದರೆ ನ್ಯಾಯಾಲಯ ನಮೂನೆಯನ್ನು ಕಳುಹಿಸಿ ಗಡುವು ಕೊಡುತ್ತದೆ. ಸಾಮಾನ್ಯವಾಗಿ 30 ದಿನ. ಗಡುವು ಮೀರಿದರೆ ದಾವೆ ವಜಾ. ಔಷಧ ಸಿಗಲಿಲ್ಲವೇ, ಕಾವಲುಗಾರ ಹೊಡೆದನೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಮತ್ತೆ ಹೂಡಲು ಅಡ್ಡಿಯಿಲ್ಲವೆಂದು ಆಜ್ಞೆಯಲ್ಲಿ ಬರೆದಿರುವುದುಂಟು. ಆದರೆ ಕಾಲಮಿತಿಯ ಕಾನೂನು ಅವನಿಗಾಗಿ ಕಾಯುವುದಿಲ್ಲ.

ನ್ಯಾಯಾಧೀಶರನ್ನು ನಿರ್ದಯರೆನ್ನಲಾಗದು. ಲೆಕ್ಕವಿಲ್ಲದೆ ಕಂತು ಗೊತ್ತುಮಾಡುವುದೆಂತು? ಸಮಯ ಬೇಡಿದವನಿಗೆ ಸಮಯ ಕೊಡುವುದೂ ಉಂಟು. ಆದರೆ ಬೀಗದೊಳಗಿರುವವನು ಲೆಕ್ಕ ಬೇಡಿ ಅರ್ಜಿ ಕೊಡಬಲ್ಲನೇ ಹೊರತು ತಾನೇ ಕಡತ ತೆರೆದು ನಕಲು ತರಬಲ್ಲನೇ?

ಇಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ನೆನಪಾಗುತ್ತಾನೆ. ಫ್ಲಾರಿಡಾದ ಸೆರೆಮನೆಯಲ್ಲಿದ್ದ ಈ ಬಡವ 1962ರಲ್ಲಿ ಸುಪ್ರೀಂ ಕೋರ್ಟಿಗೆ ಪೆನ್ಸಿಲಿನಲ್ಲಿ ಅರ್ಜಿ ಬರೆದು ಕಳುಹಿಸಿದ. ಬಡತನದ ಪ್ರಮಾಣವೂ ಅದರೊಂದಿಗಿತ್ತು. 1963ರ ಮಾರ್ಚಿಯಲ್ಲಿ, ಗುರುತರ ಅಪರಾಧದ ಆಪಾದನೆ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂಬ ತೀರ್ಪು ಬಂತು. ಅದೇ ವರ್ಷ ಮರುವಿಚಾರಣೆಯಲ್ಲಿ ಗಿಡಿಯನ್ ನಿರ್ದೋಷಿಯೆನಿಸಿ ಬಿಡುಗಡೆಯಾದ. ಆದರೆ ಆ ಹಕ್ಕು ಸಿವಿಲ್ ದಾವೆಗೆ ಅನ್ವಯಿಸದು; ಸೆರೆಮನೆಯ ಮೇಲೆ ದೂರುವವನು ಇಂದಿಗೂ ಹೆಚ್ಚಾಗಿ ತನ್ನ ವಕೀಲಿಯನ್ನು ತಾನೇ ಮಾಡಿಕೊಳ್ಳಬೇಕು.

ಪರಿಹಾರ ದೊಡ್ಡದೇನಲ್ಲ. ಲೆಕ್ಕವಿರುವುದು ಸೆರೆಮನೆಯ ಕಚೇರಿಯಲ್ಲಿ. ಅದನ್ನು ಕಳುಹಿಸೆಂದು ನ್ಯಾಯಾಲಯವೇ ಆ ಕಚೇರಿಗೆ ಆಜ್ಞಾಪಿಸಿದರೆ ತೀರಿತು. ದೂರು ಸುಳ್ಳಾದರೆ ವಿಚಾರಿಸಿ ವಜಾ ಮಾಡಲಿ. ಕಾಗದವೊಂದು ಬರಲಿಲ್ಲವೆಂದು ದೂರನ್ನು ಓದದೆಯೇ ಮಡಿಸಿಡುವುದು ಮಾತ್ರ ನ್ಯಾಯವೆನಿಸದು.